ಮೊತ್ತ "ಮೊತ" ಆಗದ ಹಾಗೆ ಸ್ಕ್ರೀನ್ ಬರೆಯುವುದು: ಆಂಡ್ರಾಯ್ಡ್ ಎಕ್ಸ್‌ಎಂಎಲ್ ಲೇಔಟ್

ಕಳೆದ ವರ್ಷ ಚಿಕ್ಕಮ್ಮನಿಗೆ ಅಂತ ಒಂದು ಪುಟ್ಟ ಆ್ಯಪ್ ಮಾಡಿದ್ದೆ. ಅವರು ಡೈರಿಗೆ ಎರಡು ಹೊತ್ತು ಹಾಲು ಹಾಕುತ್ತಾರೆ. ಎಷ್ಟು ಲೀಟರ್ ಹಾಕಿದೆ, ಫ್ಯಾಟ್ ಎಷ್ಟು ಬಂತು, ದುಡ್ಡು ಎಷ್ಟಾಯಿತು ಅಂತ ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡುತ್ತಿದ್ದರು, ಅದನ್ನೇ ಫೋನ್‌ನಲ್ಲಿ ಮಾಡಿಕೊಟ್ಟೆ. ನನ್ನ ಫೋನ್‌ನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಅವರ ಫೋನ್‌ಗೆ ಹಾಕಿಕೊಟ್ಟು ಬಸ್ ಹತ್ತಿದೆ, ಅರ್ಧ ಗಂಟೆಗೆ ಕರೆ ಬಂತು: "ಏನೋ ಇದು, ಮೇಲ್ಗಡೆ ಮೊತ ಅಂತ ಬರ್ದಿದೀಯ. ಮೊತ ಅಂದ್ರೆ ಏನೋ?"

ನಾನು ಬರೆದಿದ್ದು "ಮೊತ್ತ". ಕೆಳಗಿನ ತ ಒತ್ತು ಪೂರ್ತಿ ಕತ್ತರಿಸಿ ಹೋಗಿತ್ತು. ಚಿಕ್ಕಮ್ಮನಿಗೆ ಚಾಳೀಸು ಬಂದಿದೆ, ಫೋನ್ ಸೆಟ್ಟಿಂಗ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿದ್ದಾರೆ. ನಾನು ಆ ಸಾಲಿನ ಎತ್ತರವನ್ನು 24 ಡಿಪಿ (ಆಂಡ್ರಾಯ್ಡ್‌ನಲ್ಲಿ ಜಾಗ ಅಳೆಯುವ ಮಾನ) ಅಂತ ಗೂಟ ಹೊಡೆದು ಕಟ್ಟಿದ್ದೆ. ಅಕ್ಷರ ಬೆಳೆಯಿತು, ಡಬ್ಬಿ ಬೆಳೆಯಲಿಲ್ಲ.

ಸರಿ ಮಾಡೋಣ ಅಂತ ಫೈಲ್ ತೆಗೆದು ನೋಡಿದರೆ ತುಂಬಾ ಬರೀ ನಂಬರ್. ಅಗಲ 120, ಎತ್ತರ 24, ಎಡದಿಂದ 85. ಸ್ಕ್ರೀನನ್ನು ಟೇಪ್ ಹಿಡಿದು ಅಳೆದು ಬರೆದ ಹಾಗಿತ್ತು. ಕೊನೆಗೆ ಎಲ್ಲ ಅಳಿಸಿ ಹೊಸದಾಗಿ ಬರೆದೆ. ಆ ಎರಡನೇ ಸಲ ಹೇಗೆ ಬರೆದೆ ಅನ್ನುವುದನ್ನೇ ಇಲ್ಲಿ ಹೇಳುತ್ತೇನೆ. ನಿಮ್ಮ ಹತ್ತಿರ ಆಂಡ್ರಾಯ್ಡ್ ಸ್ಟುಡಿಯೋ ಇರಬೇಕು, ಕೋಟ್ಲಿನ್ ಅಲ್ಪಸ್ವಲ್ಪ ಗೊತ್ತಿದ್ದರೆ ಸಾಕು. ಎಕ್ಸ್‌ಎಂಎಲ್ ಅಂದರೆ ಕೋನ ಆವರಣದ ಟ್ಯಾಗ್‌ಗಳಲ್ಲಿ ಬರೆಯುವ ಭಾಷೆ, ಅದು ಗೊತ್ತಿರಬೇಕು ಅಂತೇನಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಓದಲು ಸುಲಭ ಆಗಲಿ ಅಂತ ಕೋಡನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಸ್ಟುಡಿಯೋದಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ, ಎರಡು ಅಕ್ಷರ ಹೊಡೆಯುವಷ್ಟರಲ್ಲಿ ಅದೇ ಪೂರ್ತಿ ಪದ ತೋರಿಸುತ್ತದೆ.

ಟ್ಯಾಗ್‌ನಲ್ಲಿ ಯಾಕೆ ಬರೆಯಬೇಕು

ಕೋಟ್ಲಿನ್ ಕೋಡ್‌ನಲ್ಲೇ ಸ್ಕ್ರೀನ್ ಕಟ್ಟಬಹುದು. ಒಂದು ಬಟನ್ ಮಾಡು, ಅದಕ್ಕೆ ಹೆಸರು ಕೊಡು, ಬಣ್ಣ ಕೊಡು, ಈ ಡಬ್ಬಿಯೊಳಗೆ ಹಾಕು, ಆ ಡಬ್ಬಿಯನ್ನು ಇನ್ನೊಂದರೊಳಗೆ ಹಾಕು. ನಲವತ್ತು ಸಾಲು ಆದ ಮೇಲೆ ಯಾವುದರೊಳಗೆ ಯಾವುದಿದೆ ಅಂತ ನಿಮಗೇ ಗೊತ್ತಾಗುವುದಿಲ್ಲ. ಟ್ಯಾಗ್‌ನಲ್ಲಿ ಬರೆದರೆ ಒಳಗಿರುವುದು ಒಳಗೇ ಕಾಣುತ್ತದೆ. ಏನಿದೆ ಅಂತ ನೀವು ಹೇಳುತ್ತೀರಿ, ಯಾವ ಚುಕ್ಕಿ ಎಲ್ಲಿ ಬೀಳಬೇಕು ಅನ್ನುವ ತಲೆನೋವು ಫೋನ್‌ಗೆ.

ಇದು ಆಂಡ್ರಾಯ್ಡ್‌ನವರ ಹೊಸ ಉಪಾಯವೇನಲ್ಲ. ಮೈಕ್ರೋಸಾಫ್ಟ್ 2006ರಲ್ಲಿ ವಿಂಡೋಸ್ ಆ್ಯಪ್‌ಗೆ ಸ್ಕ್ರೀನ್ ಕಟ್ಟುವ ಡಬ್ಲ್ಯುಪಿಎಫ್ ಜೊತೆ ಜ್ಯಾಮಲ್ ಅನ್ನುವ ಟ್ಯಾಗ್ ಭಾಷೆ ತಂದಿತು. ಲಿನಕ್ಸ್ ಕಡೆ ಕಿಟಕಿ, ಬಟನ್ ಕಟ್ಟುವ ಜಿಟಿಕೆಗೆ ಜಿಟಿಕೆ ಬಿಲ್ಡರ್ ಫೈಲ್‌ಗಳಿವೆ. ಅದೇ ಕೆಲಸದ ಕ್ಯೂಟ್‌ಗೆ ಡಿಸೈನರ್‌ನಿಂದ ಬರುವ ಯುಐ ಫೈಲ್‌ಗಳಿವೆ, 2010ರಲ್ಲಿ ಕ್ಯೂಎಂಎಲ್ ಕೂಡ ಬಂತು. ಕ್ಯೂಎಂಎಲ್ ನೋಡಲು ಎಕ್ಸ್‌ಎಂಎಲ್ ಹಾಗಿಲ್ಲ, ಟ್ಯಾಗ್ ಬದಲು ಹೂವಿನ ಆವರಣ. ಫೈರ್‌ಫಾಕ್ಸ್ ಬ್ರೌಸರ್‌ನ ಕಿಟಕಿ, ಮೆನು ಎಲ್ಲ ಬಹಳ ವರ್ಷ ಮೊಜಿಲ್ಲಾದವರೇ ಮಾಡಿಕೊಂಡ ಝೂಲ್ ಅನ್ನುವ ಎಕ್ಸ್‌ಎಂಎಲ್ ಭಾಷೆಯಲ್ಲಿದ್ದವು. ಒಂದು ಕಲಿತರೆ ಮಿಕ್ಕಿದ್ದು ನೆಂಟರ ಮನೆ ಅಡುಗೆಮನೆ ಇದ್ದ ಹಾಗೆ. ಪಾತ್ರೆ ಎಲ್ಲಿಟ್ಟಿದ್ದಾರೆ ಅಂತ ಹುಡುಕಬೇಕು, ಅಡುಗೆ ಅದೇ.

ಮೊದಲು ಪೆನ್ಸಿಲ್ ಹಿಡಿಯಿರಿ

ನೇರ ಸ್ಟುಡಿಯೋ ತೆಗೆದು ಬಟನ್ ಎಳೆದು ಬಿಡಬೇಡಿ. ನಾನು ಹಾಳು ಮಾಡಿಕೊಂಡಿದ್ದೇ ಹಾಗೆ. ಮೌಸ್‌ನಿಂದ ಎಳೆದು ಬಿಟ್ಟಾಗ ಸ್ಟುಡಿಯೋ ನೀವು ಬಿಟ್ಟ ಜಾಗವನ್ನು ನಂಬರ್ ಆಗಿ ಬರೆದುಕೊಂಡುಬಿಡುತ್ತದೆ.

ಒಂದು ಹಾಳೆಯಲ್ಲಿ ಸ್ಕ್ರೀನ್ ಬರೆಯಿರಿ. ನನ್ನದರಲ್ಲಿ ಮೇಲೆ ಒಂದು ಕಾರ್ಡ್ ಇತ್ತು, ಅದರಲ್ಲಿ ಈ ಬಟವಾಡೆಯ, ಅಂದರೆ ಡೈರಿಯವರು ದುಡ್ಡು ಕೊಡುವ ಈ ಕಂತಿನ, ಒಟ್ಟು ಲೀಟರ್ ಮತ್ತು ಒಟ್ಟು ಮೊತ್ತ. ಕೆಳಗೆ ದಿನದಿನದ ಪಟ್ಟಿ. ಪಟ್ಟಿಯ ಒಂದೊಂದು ಸಾಲಿನಲ್ಲಿ ತಾರೀಖು, ಲೀಟರ್, ಫ್ಯಾಟ್, ದುಡ್ಡು. ಕೆಳಗಡೆ ಮೂಲೆಯಲ್ಲಿ "ಸೇರಿಸಿ" ಬಟನ್.

ಈಗ ಪ್ರತಿ ಡಬ್ಬಿಗೂ ಎರಡೇ ಪ್ರಶ್ನೆ ಕೇಳಿ. ಇದು ಯಾರ ಒಳಗಿದೆ? ಜಾಗ ಜಾಸ್ತಿ ಸಿಕ್ಕರೆ ಅಥವಾ ಅಕ್ಷರ ದೊಡ್ಡದಾದರೆ ಹಿಗ್ಗುವವರು ಯಾರು, ಇದ್ದಷ್ಟೇ ಇರುವವರು ಯಾರು? ಉತ್ತರವನ್ನು ಹಾಳೆಯ ಮೇಲೇ ಬರೆಯಿರಿ, ಹಿಗ್ಗುವ ಡಬ್ಬಿಗೆ ಬಾಣದ ಗುರುತು ಹಾಕಿ. ನಂಬರ್ ಒಂದೂ ಬೇಡ. ಇಷ್ಟು ಮಾಡಿದರೆ ಅರ್ಧ ಲೇಔಟ್ ಮುಗಿದಂತೆ, ಸುಮ್ನೆ ಹೇಳುತ್ತಿಲ್ಲ.

ಫೈಲ್ ಮತ್ತು ಎರಡು ಕಡ್ಡಾಯ ಗುಣ

ಲೇಔಟ್ ಫೈಲ್‌ಗಳು ಪ್ರಾಜೆಕ್ಟ್‌ನ ರೆಸ್ ಫೋಲ್ಡರ್ ಒಳಗೆ ಲೇಔಟ್ ಅನ್ನುವ ಫೋಲ್ಡರ್‌ನಲ್ಲಿ ಇರುತ್ತವೆ. ಫೈಲ್ ಹೆಸರಿನಲ್ಲಿ ಸಣ್ಣ ಅಕ್ಷರ, ಅಂಕೆ, ಅಂಡರ್‌ಸ್ಕೋರ್ ಬಿಟ್ಟು ಬೇರೆ ಏನೂ ಹಾಕಬೇಡಿ, ಬಿಲ್ಡ್ ಆಗುವುದಿಲ್ಲ. ಮೊದಲ ಟ್ಯಾಗ್‌ನಲ್ಲಿ ಎಕ್ಸ್‌ಎಂಎಲ್‌ಎನ್‌ಎಸ್ ಅಂತ ಶುರುವಾಗುವ ಉದ್ದದ ವಿಳಾಸ ಇರುತ್ತದೆ. ವೆಬ್‌ಸೈಟ್ ಹಾಗೆ ಕಾಣುತ್ತದೆ, ಆದರೆ ಅಲ್ಲಿಗೆ ಯಾರೂ ಹೋಗುವುದಿಲ್ಲ. ಅದು ಬರೀ ಹೆಸರು. ಮುಂದೆ ಎಲ್ಲ ಗುಣದ ಹಿಂದೆ ಬರುವ "ಆಂಡ್ರಾಯ್ಡ್:" ಅನ್ನುವುದು ಅದೇ ಹೆಸರಿನ ಗಿಡ್ಡ ರೂಪ.

ಒಂದು ಫೈಲ್‌ಗೆ ಒಂದೇ ಬೇರು, ಅಂದರೆ ಮಿಕ್ಕಿದ್ದನ್ನೆಲ್ಲ ಸುತ್ತಿದ ಒಂದೇ ಹೊರ ಟ್ಯಾಗ್. ತೆರೆದ ಟ್ಯಾಗ್ ಮುಚ್ಚಲೇಬೇಕು, ಗುಣಕ್ಕೆ ಕೊಡುವ ಬೆಲೆ (ವ್ಯಾಲ್ಯೂ) ಯಾವಾಗಲೂ ಉದ್ಧರಣ ಚಿಹ್ನೆಯೊಳಗೆ. ಎಚ್‌ಟಿಎಂಎಲ್ ಬರೆದು ಅಭ್ಯಾಸ ಇರುವವರಿಗೆ ಇಲ್ಲಿ ಸ್ವಲ್ಪ ಕಷ್ಟ. ಬ್ರೌಸರ್ ಅಷ್ಟಿಷ್ಟು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ, ಎಕ್ಸ್‌ಎಂಎಲ್ ಹಾಕಿಕೊಳ್ಳುವುದಿಲ್ಲ.

ಪ್ರತಿ ಡಬ್ಬಿಗೂ ಅಗಲ, ಎತ್ತರ ಎರಡನ್ನೂ ಹೇಳಬೇಕು. ಹೇಳುವ ಬಗೆ ಮೂರು. "ಮ್ಯಾಚ್_ಪೇರೆಂಟ್" ಅಂದರೆ ಅಪ್ಪನ ಮನೆಯಷ್ಟೂ ನನಗೆ. "ರ‍್ಯಾಪ್_ಕಂಟೆಂಟ್" ಅಂದರೆ ನನ್ನ ಒಳಗಿನ ಸಾಮಾನು ಎಷ್ಟೋ ಅಷ್ಟು. ಮೂರನೆಯದು ನಂಬರ್. ಹಳೆಯ ಕೋಡ್‌ನಲ್ಲಿ "ಫಿಲ್_ಪೇರೆಂಟ್" ಅಂತ ಸಿಕ್ಕರೆ ಗಾಬರಿ ಬೇಡ, ಆಂಡ್ರಾಯ್ಡ್ 2.2ರಲ್ಲಿ ಅದನ್ನೇ ಮ್ಯಾಚ್_ಪೇರೆಂಟ್ ಅಂತ ಮರುನಾಮಕರಣ ಮಾಡಿದರು.

ನನ್ನ ಪದ್ಧತಿ ಹೀಗಿದೆ: ಅಕ್ಷರ ಇರುವ ಯಾವ ಡಬ್ಬಿಗೂ ಎತ್ತರವನ್ನು ನಂಬರ್‌ನಲ್ಲಿ ಕೊಡುವುದಿಲ್ಲ. ಯಾವುದಕ್ಕೂ ಅಂದರೆ ಯಾವುದಕ್ಕೂ ಇಲ್ಲ. ಸಾಲು ತೀರಾ ಸಣಕಲು ಕಾಣುತ್ತದೆ ಅನ್ನಿಸಿದರೆ ಎತ್ತರ ರ‍್ಯಾಪ್_ಕಂಟೆಂಟ್ ಇಟ್ಟು, "ಮಿನ್‌ಹೈಟ್" 48 ಡಿಪಿ ಕೊಡುತ್ತೇನೆ. ಕಡಿಮೆ ಅಂದರೆ ಇಷ್ಟಿರಲಿ, ಬೇಕಾದರೆ ಬೆಳೆಯಲಿ. ಚಿಕ್ಕಮ್ಮನ "ಮೊತ" ಮತ್ತೆ ಮೊತ್ತ ಆಗಿದ್ದು ಈ ಒಂದೇ ಬದಲಾವಣೆಯಿಂದ.

ಪಟ್ಟಿಯ ಒಂದು ಸಾಲು

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಆ್ಯಪ್‌ನಲ್ಲಿ ಜನ ಜಾಸ್ತಿ ಹೊತ್ತು ನೋಡುವುದು ಇದನ್ನೇ.

ಸಾಲಿಗೆ ಲೀನಿಯರ್ ಲೇಔಟ್ ಸಾಕು, ಒಳಗಿರುವುದನ್ನು ಒಂದರ ಪಕ್ಕ ಒಂದು ಇಡುವ ಡಬ್ಬಿ ಅದು, ದಿಕ್ಕು ಅಡ್ಡ. ಒಳಗೆ ನಾಲ್ಕು ಟೆಕ್ಸ್ಟ್‌ವ್ಯೂ, ಅಂದರೆ ಅಕ್ಷರ ತೋರಿಸುವ ಡಬ್ಬಿ. ಮೊದಲ ಸಲ ನಾಲ್ಕಕ್ಕೂ ಅಗಲ ರ‍್ಯಾಪ್_ಕಂಟೆಂಟ್ ಕೊಟ್ಟಿದ್ದೆ. ಒಂದು ಸಾಲು ನೋಡಿದರೆ ಸೊಗಸಾಗಿದೆ. ಹತ್ತು ಸಾಲು ಬಂದಾಗ ನೋಡಿ! ಒಂದು ಸಾಲಿನಲ್ಲಿ ಲೀಟರ್ 6, ಇನ್ನೊಂದರಲ್ಲಿ 12.5, ಅದರ ಪಕ್ಕದ ಫ್ಯಾಟ್ ಒಂದೊಂದು ಸಾಲಿನಲ್ಲಿ ಒಂದೊಂದು ಕಡೆ ನಿಂತಿದೆ. ಸಾಲುಗಳು ಒಂದರ ಅಗಲ ಇನ್ನೊಂದನ್ನು ಕೇಳುವುದಿಲ್ಲ. ಪ್ರತಿ ಸಾಲೂ ಒಂಟಿ ಮನೆ. ಹಾಗಾಗಿ ಕಾಲಂ ನೇರ ನಿಲ್ಲಬೇಕು ಅಂದರೆ ಪಾಲು ಹಾಕಿ ಕೊಡಬೇಕು:

<ಲೀನಿಯರ್‌ಲೇಔಟ್
    ಆಂಡ್ರಾಯ್ಡ್:ಲೇಔಟ್_ವಿಡ್ತ್="ಮ್ಯಾಚ್_ಪೇರೆಂಟ್"
    ಆಂಡ್ರಾಯ್ಡ್:ಲೇಔಟ್_ಹೈಟ್="ರ‍್ಯಾಪ್_ಕಂಟೆಂಟ್"
    ಆಂಡ್ರಾಯ್ಡ್:ಮಿನ್‌ಹೈಟ್="48ಡಿಪಿ"
    ಆಂಡ್ರಾಯ್ಡ್:ಓರಿಯೆಂಟೇಶನ್="ಹಾರಿಜಾಂಟಲ್"
    ಆಂಡ್ರಾಯ್ಡ್:ಪ್ಯಾಡಿಂಗ್‌ಸ್ಟಾರ್ಟ್="16ಡಿಪಿ"
    ಆಂಡ್ರಾಯ್ಡ್:ಪ್ಯಾಡಿಂಗ್‌ಎಂಡ್="16ಡಿಪಿ">

    <ಟೆಕ್ಸ್ಟ್‌ವ್ಯೂ
        ಆಂಡ್ರಾಯ್ಡ್:ಐಡಿ="@+ಐಡಿ/ತಾರೀಖು"
        ಆಂಡ್ರಾಯ್ಡ್:ಲೇಔಟ್_ವಿಡ್ತ್="0ಡಿಪಿ"
        ಆಂಡ್ರಾಯ್ಡ್:ಲೇಔಟ್_ಹೈಟ್="ರ‍್ಯಾಪ್_ಕಂಟೆಂಟ್"
        ಆಂಡ್ರಾಯ್ಡ್:ಲೇಔಟ್_ವೇಟ್="3"
        ಆಂಡ್ರಾಯ್ಡ್:ಟೆಕ್ಸ್ಟ್‌ಸೈಜ್="16ಎಸ್‌ಪಿ" />

    ಇದೇ ತರಹ ಲೀಟರ್‌ಗೆ ವೇಟ್ 2, ಫ್ಯಾಟ್‌ಗೆ 2, ದುಡ್ಡಿಗೆ 3

</ಲೀನಿಯರ್‌ಲೇಔಟ್>

ಅಗಲ 0ಡಿಪಿ ನೋಡಿ ಎಲ್ಲರೂ ಒಮ್ಮೆ ಹುಬ್ಬೇರಿಸುತ್ತಾರೆ. ನನ್ನದು ಅಂತ ಏನೂ ಇಲ್ಲ, ಪಾಲಿನಲ್ಲಿ ಬಂದಷ್ಟು ಸಾಕು ಅಂತ ಅದರ ಅರ್ಥ. ಲೆಕ್ಕ ಹಾಕೋಣ. ಸ್ಕ್ರೀನ್ ಅಗಲ 360 ಡಿಪಿ ಅಂದುಕೊಳ್ಳಿ. ಎರಡು ಕಡೆ 16 ಹೋಯಿತು, ಉಳಿದಿದ್ದು 328. ವೇಟ್ ಒಟ್ಟು 3+2+2+3, ಅಂದರೆ 10 ಪಾಲು. ಒಂದು ಪಾಲಿಗೆ 32.8. ತಾರೀಖಿಗೆ 98.4, ಲೀಟರ್‌ಗೆ 65.6. ದೊಡ್ಡ ಫೋನ್‌ನಲ್ಲಿ 328 ಹೋಗಿ 379 ಆದರೂ ಪಾಲು ಅದೇ, ಕಾಲಂಗಳು ನೇರವೇ ಇರುತ್ತವೆ. 0ಡಿಪಿ ಬದಲು ರ‍್ಯಾಪ್_ಕಂಟೆಂಟ್ ಕೊಟ್ಟು ವೇಟ್ ಕೂಡ ಕೊಟ್ಟರೆ ಮೊದಲು ಎಲ್ಲರಿಗೂ ಅವರವರ ಸಾಮಾನಿನಷ್ಟು ಕೊಟ್ಟು, ಮಿಕ್ಕಿದ್ದನ್ನು ಮಾತ್ರ ಹಂಚುತ್ತದೆ. ಆಗ ಮತ್ತೆ ಸೊಟ್ಟ.

98 ಡಿಪಿಯಲ್ಲಿ ದೊಡ್ಡ ಅಕ್ಷರದ "ಸೆಪ್ಟೆಂಬರ್" ಹಿಡಿಯುವುದಿಲ್ಲ. ನನ್ನಲ್ಲಿ "ಸೆಪ್ಟೆಂಬ" ಒಂದು ಸಾಲು, ಕೆಳಗೆ ಒಂಟಿ "ರ್" ಬಂದು ಕೂತಿತ್ತು. ಅದಕ್ಕೆ ತಿಂಗಳ ಹೆಸರು ತೆಗೆದು 23-9 ಅಂತ ಬರೆದೆ. ಎಲ್ಲದಕ್ಕೂ ಟ್ಯಾಗ್‌ನಲ್ಲೇ ಮದ್ದು ಹುಡುಕಬಾರದು.

ಇನ್ನೊಂದು, ಇದು ಹೊಸಬರೆಲ್ಲ ಒಮ್ಮೆ ಬೀಳುವ ಹಳ್ಳ. ಪಟ್ಟಿಗೆ ರೀಸೈಕ್ಲರ್‌ವ್ಯೂ ಬಳಸುತ್ತೀರಿ, ಸಾಲಿನ ಫೈಲ್ ಬೇರೆಯೇ ಇರುತ್ತದೆ. ಹೊಸ ಫೈಲ್ ಮಾಡಿದಾಗ ಸ್ಟುಡಿಯೋ ಬೇರಿನ ಟ್ಯಾಗ್‌ಗೆ ಅಗಲ ಎತ್ತರ ಎರಡೂ ಮ್ಯಾಚ್_ಪೇರೆಂಟ್ ಅಂತ ಇಟ್ಟಿರುತ್ತದೆ. ಅದನ್ನು ಹಾಗೇ ಬಿಟ್ಟರೆ ಒಂದೊಂದು ಸಾಲೂ ಇಡೀ ಸ್ಕ್ರೀನ್ ಎತ್ತರಕ್ಕೆ ನಿಲ್ಲುತ್ತದೆ. ಮೊದಲ ಎಂಟ್ರಿ ಮಾತ್ರ ಕಾಣುತ್ತದೆ, ಮಿಕ್ಕಿದ್ದು ಎಲ್ಲಿ ಹೋಯಿತು ಅಂತ ಡೇಟಾಬೇಸ್ ಕೋಡ್‌ನಲ್ಲಿ ತಡಕಾಡುತ್ತಾ ಕೂರುತ್ತೀರಿ. ಕೆಳಗೆ ಸ್ಕ್ರೋಲ್ ಮಾಡಿ ನೋಡಿ, ಅಲ್ಲೇ ಇರುತ್ತದೆ.

ಡಿಪಿ, ಎಸ್‌ಪಿ

ಪಿಕ್ಸೆಲ್ ಮರೆತುಬಿಡಿ. ಒಂದಿಂಚಿಗೆ 160 ಚುಕ್ಕಿ ಇರುವ ಸ್ಕ್ರೀನ್‌ನಲ್ಲಿ 1 ಡಿಪಿ ಅಂದರೆ 1 ಪಿಕ್ಸೆಲ್. 480 ಚುಕ್ಕಿ ಇದ್ದರೆ 1 ಡಿಪಿಗೆ 3 ಪಿಕ್ಸೆಲ್. ಅಂದರೆ 1080 ಪಿಕ್ಸೆಲ್ ಅಗಲದ ಫೋನ್ ಅಲ್ಲಿ 360 ಡಿಪಿ. ಅದೇ 1080 ಪಿಕ್ಸೆಲ್ ಇದ್ದು ಸಾಂದ್ರತೆ 420 ಆದರೆ ಸುಮಾರು 411 ಡಿಪಿ. ಜಾಗ, ಅಂಚು, ಚಿತ್ರಕ್ಕೆಲ್ಲ ಡಿಪಿ. ಬೆರಳಿನಿಂದ ಒತ್ತುವ ಯಾವುದೇ ಆಗಲಿ 48 ಡಿಪಿಗಿಂತ ಕಡಿಮೆ ಇರಬಾರದು ಅಂತ ಗೂಗಲ್ ಹೇಳುತ್ತದೆ. ಹುಲ್ಲು ಕೊಯ್ದು ಬಂದ ಕೈಗೆ ಅದೂ ಸಣ್ಣದೇ, ನಾನು "ಸೇರಿಸಿ" ಬಟನ್‌ಗೆ ಮಿನ್‌ಹೈಟ್ 64 ಇಟ್ಟೆ.

ಅಕ್ಷರಕ್ಕೆ ಮಾತ್ರ ಎಸ್‌ಪಿ. ಅದು ಡಿಪಿಯೇ, ಆದರೆ ಫೋನ್‌ನ ಅಕ್ಷರ ಗಾತ್ರದ ಸೆಟ್ಟಿಂಗ್‌ಗೆ ತಕ್ಕಂತೆ ಹಿಗ್ಗುತ್ತದೆ. ಆಂಡ್ರಾಯ್ಡ್ 14ರಿಂದ ಅದನ್ನು 200 ಪರ್ಸೆಂಟ್‌ವರೆಗೂ ಹಿಗ್ಗಿಸಬಹುದು. "ನನ್ನ ಡಿಸೈನ್ ಕೆಡುತ್ತೆ" ಅಂತ ಅಕ್ಷರಕ್ಕೂ ಡಿಪಿ ಕೊಡುವ ಮಹಾನುಭಾವರಿದ್ದಾರೆ. ಚಾಳೀಸು ಬಂದ ಮೇಲೆ ಅವರಿಗೇ ಗೊತ್ತಾಗುತ್ತದೆ ಬಿಡಿ.

ಒಳ ಜಾಗ, ಹೊರ ಜಾಗ

ಪ್ಯಾಡಿಂಗ್ ಅಂದರೆ ಗೋಡೆಯ ಒಳಗೆ ಬಿಟ್ಟ ಜಾಗ, ಮಾರ್ಜಿನ್ ಅಂದರೆ ಎರಡು ಮನೆ ನಡುವಿನ ಓಣಿ. ಡಬ್ಬಿಗೆ ಬಣ್ಣ ಬಳಿದು ನೋಡಿದರೆ ಗೊತ್ತಾಗುತ್ತದೆ, ಪ್ಯಾಡಿಂಗ್‌ಗೂ ಬಣ್ಣ ಬರುತ್ತದೆ, ಮಾರ್ಜಿನ್‌ಗೆ ಬರುವುದಿಲ್ಲ.

"ಗ್ರ್ಯಾವಿಟಿ" ಮತ್ತು "ಲೇಔಟ್_ಗ್ರ್ಯಾವಿಟಿ" ಎರಡನ್ನೂ ಕಲಸಿಕೊಳ್ಳದವರು ಇಲ್ಲ. ನೆನಪಿಡುವ ಉಪಾಯ: "ಲೇಔಟ್_" ಅಂತ ಶುರುವಾಗುವ ಗುಣ ಯಾವುದೇ ಆಗಲಿ, ಅದು ಅಪ್ಪನಿಗೆ ಬರೆದ ಅರ್ಜಿ. ಲೇಔಟ್_ಗ್ರ್ಯಾವಿಟಿ ಅಂದರೆ "ಅಪ್ಪಾ, ನನ್ನನ್ನು ಬಲಕ್ಕೆ ಕೂರಿಸು". ಬರೀ ಗ್ರ್ಯಾವಿಟಿ ಅಂದರೆ ನನ್ನೊಳಗಿನ ಸಾಮಾನನ್ನು ನಾನು ಬಲಕ್ಕೆ ಸರಿಸಿಕೊಳ್ಳುತ್ತೇನೆ ಅಂತ. ದುಡ್ಡಿನ ಕಾಲಂಗೆ ಗ್ರ್ಯಾವಿಟಿ "ಎಂಡ್" ಕೊಟ್ಟರೆ ಅಂಕಿಗಳು ಬಲಕ್ಕೆ ಒತ್ತಿ ನಿಲ್ಲುತ್ತವೆ, ಲೆಕ್ಕದ ಪುಸ್ತಕದ ಹಾಗೆ. ಲೆಫ್ಟ್, ರೈಟ್ ಅಂತ ಬರೆಯಬೇಡಿ. ಸ್ಟಾರ್ಟ್, ಎಂಡ್ ಬರೆದರೆ ಉರ್ದುವಿನಂಥ ಬಲದಿಂದ ಓದುವ ಭಾಷೆಯಲ್ಲೂ ಸ್ಕ್ರೀನ್ ತಾನೇ ತಿರುಗಿಕೊಳ್ಳುತ್ತದೆ.

ಮೇಲಿನ ಕಾರ್ಡ್: ದಾರ ಕಟ್ಟುವ ಕೆಲಸ

ಕಾರ್ಡ್‌ನಲ್ಲಿ ಎರಡು ಸಾಲು: "ಒಟ್ಟು ಲೀಟರ್" ಮುಂದೆ ಅಂಕಿ, "ಮೊತ್ತ" ಮುಂದೆ ಅಂಕಿ. ಎರಡೂ ಅಂಕಿ ಒಂದೇ ಗೆರೆಯಲ್ಲಿ ಶುರುವಾಗಬೇಕು. ಲೀನಿಯರ್ ಒಳಗೆ ಲೀನಿಯರ್ ಅಂತ ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟು ಮಾಡಬಹುದು, ಆದರೆ ವೇಟ್ ಇರುವ ಲೀನಿಯರ್ ತನ್ನ ಮಕ್ಕಳನ್ನು ಎರಡೆರಡು ಸಲ ಅಳೆಯಬೇಕಾಗುತ್ತದೆ. ಅದರೊಳಗೆ ಇನ್ನೊಂದು ಅಂಥದ್ದೇ ಇದ್ದರೆ ನಾಲ್ಕು ಸಲ. ಹೀಗೆ ಬೆಳೆಯುತ್ತಾ ಹೋದರೆ ಹಳೆಯ ಫೋನ್‌ನಲ್ಲಿ ಸ್ಕ್ರೋಲ್ ಜಗ್ಗುತ್ತದೆ. ಇಂಥ ಕಡೆ ಕನ್‌ಸ್ಟ್ರೇಂಟ್ ಲೇಔಟ್ ಬಳಸಿ. 2016ರಲ್ಲಿ ಗೂಗಲ್ ಇದನ್ನು ತೋರಿಸಿತು. ಇದು ಆಂಡ್ರಾಯ್ಡ್ ಜೊತೆ ಬರುವುದಲ್ಲ, ಬೇರೆ ಲೈಬ್ರರಿ. ಆದ್ದರಿಂದ ಇದರ ಗುಣಗಳ ಹಿಂದೆ "ಆಂಡ್ರಾಯ್ಡ್:" ಬದಲು "ಆ್ಯಪ್:" ಇರುತ್ತದೆ.

ಇಲ್ಲಿ ಪ್ರತಿ ಡಬ್ಬಿಗೂ ದಾರ ಕಟ್ಟುತ್ತೀರಿ. ನನ್ನ ತಲೆ ಇವರ ಪಾದಕ್ಕೆ, ನನ್ನ ಎಡಗೈ ಅವರ ಬಲಗೈಗೆ. ಅಡ್ಡಕ್ಕೆ ಒಂದಾದರೂ ದಾರ, ಉದ್ದಕ್ಕೆ ಒಂದಾದರೂ ದಾರ ಇರಲೇಬೇಕು. ಒಂದು ಮರೆತರೂ ಸ್ಟುಡಿಯೋದ ಪ್ರಿವ್ಯೂನಲ್ಲಿ ನೀವು ಇಟ್ಟ ಜಾಗದಲ್ಲೇ ಸುಮ್ಮನೆ ಕೂತಿರುತ್ತದೆ, ಫೋನ್‌ನಲ್ಲಿ ಓಡಿಸಿದ ಕೂಡಲೇ ಹಾರಿಹೋಗಿ ಅಂಚನ್ನೋ ಮೂಲೆಯನ್ನೋ ಸೇರುತ್ತದೆ. ಎಲ್ಲ ಬಟನ್‌ಗಳೂ ಮೇಲಿನ ಎಡಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದರೆ ಕಾರಣ ಇದೇ.

ಅಂಕಿಗಳ ಗೆರೆ ನೇರ ಮಾಡಲು "ಬ್ಯಾರಿಯರ್" ಅನ್ನುವುದಿದೆ, ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಅದೇ. ಕಣ್ಣಿಗೆ ಕಾಣದ ಬೇಲಿ. "ಒಟ್ಟು ಲೀಟರ್", "ಮೊತ್ತ" ಎರಡರ ಐಡಿಯನ್ನೂ ಅದಕ್ಕೆ ಕೊಟ್ಟು ದಿಕ್ಕು "ಎಂಡ್" ಅನ್ನಿ. ಎರಡರಲ್ಲಿ ಯಾವುದು ಉದ್ದವೋ ಅದರ ಆಚೆ ಬೇಲಿ ತಾನೇ ಹೋಗಿ ನಿಲ್ಲುತ್ತದೆ. ಅಂಕಿಗಳ ಎಡಗೈಯನ್ನು ಬೇಲಿಗೆ ಕಟ್ಟಿ. ಇಂಗ್ಲಿಷ್‌ನಲ್ಲಿ ಗಿಡ್ಡ ಪದ, ಕನ್ನಡದಲ್ಲಿ ಉದ್ದ ಪದ, ಅಕ್ಷರ ದೊಡ್ಡದು, ಏನೇ ಆದರೂ ಬೇಲಿ ಸರಿದುಕೊಳ್ಳುತ್ತದೆ. ಮೊದಲು ಇದೇ ಜಾಗದಲ್ಲಿ "ಎಡದಿಂದ 85" ಅಂತ ಬರೆದಿದ್ದೆ.

ಅಕ್ಷರದ ಬುಡ ಒಂದೇ ಗೆರೆಗೆ ಬರಲು ಬೇಸ್‌ಲೈನ್ ದಾರ ಕಟ್ಟಿ. ಕನ್ನಡ ಪದದ ಒತ್ತು ಕೆಳಗೆ ಇಳಿಯುವುದರಿಂದ ಪಾದಕ್ಕೆ ಪಾದ ಕಟ್ಟಿದರೆ ಪಕ್ಕದ ಅಂಕಿ ಸ್ವಲ್ಪ ಜೋತುಬಿದ್ದ ಹಾಗೆ ಕಾಣುತ್ತದೆ. ಬೇಸ್‌ಲೈನ್‌ಗೆ ಕಟ್ಟಿದರೆ ಸರಿಯಾಗಿ ನಿಲ್ಲುತ್ತದೆ.

ಮಾತುಗಳನ್ನು ಬೇರೆ ಇಡಿ

"ಮೊತ್ತ" ಅನ್ನುವುದನ್ನು ನೇರ ಟ್ಯಾಗ್‌ನಲ್ಲಿ ಬರೆಯಬೇಡಿ. ವ್ಯಾಲ್ಯೂಸ್ ಫೋಲ್ಡರ್‌ನ ಸ್ಟ್ರಿಂಗ್ಸ್ ಫೈಲ್‌ನಲ್ಲಿ ಇಂಗ್ಲಿಷ್, ಅದರ ಪಕ್ಕದಲ್ಲೇ ವ್ಯಾಲ್ಯೂಸ್-ಕೆಎನ್ ಅನ್ನುವ ಫೋಲ್ಡರ್ ಮಾಡಿ ಅದೇ ಹೆಸರಿನ ಫೈಲ್‌ನಲ್ಲಿ ಕನ್ನಡ. ಟ್ಯಾಗ್‌ನಲ್ಲಿ ಬರೀ ಹೆಸರು ಹೇಳಿ. ಫೋನ್ ಕನ್ನಡದಲ್ಲಿದ್ದರೆ ಕನ್ನಡ ತಾನೇ ಬರುತ್ತದೆ. ಈ ಫೈಲ್‌ನಲ್ಲಿ & ಚಿಹ್ನೆಯನ್ನು ಹಾಗೇ ಹಾಕಿದರೆ ಬಿಲ್ಡ್ ಒಡೆಯುತ್ತದೆ, ಅದರ ಬೆನ್ನಿಗೇ ಎ, ಎಂ, ಪಿ ಮತ್ತು ಸೆಮಿಕೋಲನ್ ಬರೆಯಬೇಕು. ಇಂಗ್ಲಿಷ್ ಮಾತಿನ ಅಪಾಸ್ಟ್ರಫಿಗೆ ಮೊದಲು ಒಂದು ಬ್ಯಾಕ್‌ಸ್ಲ್ಯಾಶ್.

ಎರಡು ಬೆಲೆ ಬರುವ ವಾಕ್ಯ ಇದ್ದರೆ ಅವಕ್ಕೆ ಸ್ಥಾನದ ನಂಬರ್ ಕೊಡಿ, %1$ಎಸ್, %2$ಎಸ್ ಅಂತ. ಇಂಗ್ಲಿಷ್‌ನಲ್ಲಿ ಮೊದಲು ಬರುವುದು ಕನ್ನಡದಲ್ಲಿ ಕೊನೆಗೆ ಬರುತ್ತದೆ. ಮಾತನ್ನು ತುಂಡು ತುಂಡಾಗಿ ಕೋಡ್‌ನಲ್ಲಿ ಅಂಟಿಸಿದರೆ "ರೂಪಾಯಿ 500 ಬಂದಿದೆ ಇಂದ ಡೈರಿ" ಅನ್ನುವಂಥ ಕನ್ನಡ ಹುಟ್ಟುವುದು ಹೀಗೆಯೇ.

ಈಗ ನನ್ನ ಎರಡನೇ ಮರ್ಯಾದೆ ಹೋದ ಕತೆ. ಬಟವಾಡೆ ಬಾಕಿ ಎಷ್ಟಿದೆ ಅಂತ ತೋರಿಸಲು ಪ್ಲೂರಲ್ಸ್ ಬಳಸಿದ್ದೆ, ಅಂಕಿಗೆ ತಕ್ಕಂತೆ ಏಕವಚನ ಬಹುವಚನದ ಮಾತು ಆರಿಸುವುದು ಅದು. ಅದರಲ್ಲಿ "ಒನ್" ಜಾಗಕ್ಕೆ "ಒಂದು ಬಟವಾಡೆ ಬಾಕಿ ಇದೆ" ಅಂತ ಬರೆದೆ, "ಅದರ್" ಜಾಗಕ್ಕೆ "%ಡಿ ಬಟವಾಡೆ ಬಾಕಿ ಇವೆ" ಅಂತ, %ಡಿ ಇರುವ ಕಡೆ ಅಂಕಿ ಬಂದು ಕೂರುತ್ತದೆ. ಒಂದು ಅಂದರೆ ಒಂದೇ ತಾನೇ? ಅಲ್ಲ! ಭಾಷೆಗಳ ಏಕವಚನ ಬಹುವಚನದ ನಿಯಮವನ್ನು ಆಂಡ್ರಾಯ್ಡ್ ಯೂನಿಕೋಡ್‌ನವರ ಸಿಎಲ್‌ಡಿಆರ್ ಅನ್ನುವ ಭಾಷಾ ಮಾಹಿತಿ ಭಂಡಾರದಿಂದ ತೆಗೆದುಕೊಳ್ಳುತ್ತದೆ. ಅಲ್ಲಿ ಕನ್ನಡಕ್ಕೆ ಸೊನ್ನೆಯೂ "ಒನ್" ಗುಂಪಿಗೇ ಸೇರಿದೆ, ಹಿಂದಿ, ಗುಜರಾತಿಗೂ ಹಾಗೇ. ಇಂಗ್ಲಿಷ್‌ನಲ್ಲಿ ಸೊನ್ನೆ "ಅದರ್". ಹಾಗಾಗಿ ಬಾಕಿ ಏನೂ ಇಲ್ಲದ ದಿನವೂ ಚಿಕ್ಕಮ್ಮನ ಫೋನ್ "ಒಂದು ಬಟವಾಡೆ ಬಾಕಿ ಇದೆ" ಅಂತ ತೋರಿಸಿತು. ಅವರು ಬೆಳಿಗ್ಗೆ ಹಾಲಿನ ಕ್ಯಾನ್ ಇಳಿಸಿದವರೇ ಡೈರಿ ಸೆಕ್ರೆಟರಿ ಹತ್ತಿರ ದುಡ್ಡು ಕೇಳಿದ್ದಾರೆ. ಅವನು ರಿಜಿಸ್ಟರ್ ತೆಗೆದು ತೋರಿಸಿದ. ಬೈಸಿಕೊಂಡವನು ನಾನು.

ಅದಕ್ಕೆ "ಒನ್" ಜಾಗದಲ್ಲೂ %ಡಿ ಬಳಸಿ, "ಒಂದು" ಅಂತ ಅಕ್ಷರದಲ್ಲಿ ಬರೆಯಬೇಡಿ. ಸೊನ್ನೆಗೆ "ಬಾಕಿ ಇಲ್ಲ" ಅಂತ ಬೇರೆಯೇ ಮಾತು ಬೇಕಿದ್ದರೆ ಕೋಡ್‌ನಲ್ಲೇ ಸೊನ್ನೆಯನ್ನು ಮೊದಲು ನೋಡಿಕೊಂಡುಬಿಡಿ. ಪ್ಲೂರಲ್ಸ್‌ನಲ್ಲಿ "ಝೀರೋ" ಅನ್ನುವ ಜಾಗ ಇದೆಯಲ್ಲ ಅನ್ನಬಹುದು. ಇದೆ, ಆದರೆ ಕನ್ನಡದ ನಿಯಮದಲ್ಲಿ ಅದಿಲ್ಲ, ಬರೆದರೂ ಅದರ ಕಡೆ ಯಾರೂ ನೋಡುವುದಿಲ್ಲ.

ಕನ್ನಡ ಅಕ್ಷರಕ್ಕೆ ಅಂತಲೇ ನೋಡಬೇಕಾದ್ದು

ಕೆಲವು ಲಿಪಿಗಳಿಗೆ ಆಂಡ್ರಾಯ್ಡ್‌ನಲ್ಲಿ ಎರಡು ರೂಪದ ಫಾಂಟ್ ಉಂಟು. ಒಂದು, ಸಾಲಿನ ಎತ್ತರ ಉಳಿಸಲು ಕುಗ್ಗಿಸಿದ್ದು. ಇನ್ನೊಂದು ಧಾರಾಳವಾಗಿ ಕೈಕಾಲು ಚಾಚಿದ್ದು. ಎರಡನೆಯದು ಬೇಕು ಅನ್ನಲು "ಎಲಿಗೆಂಟ್‌ಟೆಕ್ಸ್ಟ್‌ಹೈಟ್" ಅನ್ನುವ ಗುಣ ಇದೆ. ನಿಮ್ಮ ಆ್ಯಪ್‌ನ ಟಾರ್ಗೆಟ್ (ಯಾವ ಆಂಡ್ರಾಯ್ಡ್‌ಗೆ ಅಂತ ಮಾಡಿದ್ದು ಅನ್ನುವ ನಂಬರ್) ಆಂಡ್ರಾಯ್ಡ್ 15 ಆದರೆ ನೀವು ಹೇಳದಿದ್ದರೂ ಅದು ಆನ್ ಆಗಿರುತ್ತದೆ. ಇದರಿಂದ ಲೇಔಟ್ ಹೆಚ್ಚುಕಡಿಮೆ ಆಗಬಹುದು, ನೋಡಿಕೊಳ್ಳಿ ಅಂತ ಗೂಗಲ್ ಕೊಟ್ಟಿರುವ ಲಿಪಿಗಳ ಪಟ್ಟಿಯಲ್ಲಿ ತಮಿಳು, ತೆಲುಗು, ಮಲಯಾಳದ ಜೊತೆ ಕನ್ನಡವೂ ಇದೆ. ಅಂದರೆ ಟಾರ್ಗೆಟ್ ನಂಬರ್ ಒಂದನ್ನು ಏರಿಸಿದರೂ ಸಾಕು, ನಿನ್ನೆವರೆಗೆ ಸರಿಯಿದ್ದ, ಎತ್ತರ ಕಟ್ಟಿಹಾಕಿದ ಡಬ್ಬಿಗಳಲ್ಲಿ ಒತ್ತು ಕತ್ತರಿಸಬಹುದು. ರ‍್ಯಾಪ್_ಕಂಟೆಂಟ್ ಇಟ್ಟವರು ಆರಾಮಾಗಿ ಇರುತ್ತಾರೆ.

"ಇನ್‌ಕ್ಲೂಡ್‌ಫಾಂಟ್‌ಪ್ಯಾಡಿಂಗ್" ಅನ್ನುವುದನ್ನು ಫಾಲ್ಸ್ ಮಾಡಿ ಅಂತ ಇಂಟರ್‌ನೆಟ್‌ನಲ್ಲಿ ಬಹಳ ಜನ ಸಲಹೆ ಕೊಡುತ್ತಾರೆ. ಇಂಗ್ಲಿಷ್ ಅಕ್ಷರ ಡಬ್ಬಿಯ ನಟ್ಟನಡುವೆ ಕೂರಲಿ ಅಂತ ಅದು. ಕನ್ನಡಕ್ಕೆ ಆ ಜಾಗ ಬೇಕು, ಮುಟ್ಟಬೇಡಿ. ಬಟನ್‌ಗಳಿಗೆ ಥೀಮ್‌ನಿಂದ ಬರುವ "ಲೆಟರ್‌ಸ್ಪೇಸಿಂಗ್" ಇದ್ದರೆ ಸೊನ್ನೆ ಮಾಡಿ, "ಸೇ ರಿ ಸಿ" ಅಂತ ಹಲ್ಲುಬಿಟ್ಟ ಹಾಗೆ ಕಾಣುತ್ತದೆ. ದೊಡ್ಡಕ್ಷರ ಮಾಡುವ "ಆಲ್‌ಕ್ಯಾಪ್ಸ್" ಇದ್ದರೂ ಕನ್ನಡಕ್ಕೆ ಏನೂ ಆಗುವುದಿಲ್ಲ, ನಮ್ಮಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅಂತಿಲ್ಲವಲ್ಲ.

ಪ್ರಿವ್ಯೂಗೆ ಕೆಟ್ಟ ಡೇಟಾ ಕೊಡಿ

"ಟೂಲ್ಸ್:" ಅನ್ನುವ ಮೂರನೇ ಹೆಸರೊಂದಿದೆ. ಟೂಲ್ಸ್:ಟೆಕ್ಸ್ಟ್ ಅಂತ ಬರೆದದ್ದು ಸ್ಟುಡಿಯೋದಲ್ಲಿ ಮಾತ್ರ ಕಾಣುತ್ತದೆ, ಆ್ಯಪ್‌ಗೆ ಹೋಗುವುದಿಲ್ಲ. ರೀಸೈಕ್ಲರ್‌ವ್ಯೂಗೆ ಟೂಲ್ಸ್:ಲಿಸ್ಟ್‌ಐಟಮ್ ಕೊಟ್ಟರೆ ಓಡಿಸದೆಯೇ ಪೂರ್ತಿ ಪಟ್ಟಿ ನೋಡಬಹುದು. ಎಲ್ಲರೂ ಇಲ್ಲಿ "10", "ಹೆಸರು" ಅಂತ ಮುದ್ದಾದ ಡೇಟಾ ಹಾಕುತ್ತಾರೆ. ಹಾಗೆ ಮಾಡಬೇಡಿ. 1,24,350.75 ಹಾಕಿ. "ಕೃಷ್ಣಮೂರ್ತಿ" ಹಾಕಿ, "ಸ್ತ್ರೀ" ಹಾಕಿ, ಒತ್ತಿನ ಕೆಳಗೆ ಒತ್ತು ಬರುವ ಪದ ಹಾಕಿ. ಒಡೆಯುವುದಿದ್ದರೆ ನಿಮ್ಮ ಮೇಜಿನ ಮೇಲೇ ಒಡೆಯಲಿ.

ಎರರ್ ಬಂದಾಗ

ಆ್ಯಪ್ ತೆರೆದ ತಕ್ಷಣ ಮುಚ್ಚಿಕೊಂಡರೆ ಸ್ಟುಡಿಯೋದಲ್ಲಿ ಫೋನ್‌ನ ಸಂದೇಶಗಳನ್ನು ತೋರಿಸುವ ಲಾಗ್‌ಕ್ಯಾಟ್‌ನಲ್ಲಿ "ಎರರ್ ಇನ್‌ಫ್ಲೇಟಿಂಗ್ ಕ್ಲಾಸ್" ಅಂತ ಹುಡುಕಿ, ಅದೇ ಸಾಲಿನಲ್ಲಿ ಫೈಲ್‌ನ ಸಾಲಿನ ನಂಬರ್ ಇರುತ್ತದೆ. ಟ್ಯಾಗ್ ಹೆಸರಿನ ಸ್ಪೆಲಿಂಗ್ ತಪ್ಪಿದ್ದರೂ ಬಿಲ್ಡ್ ಆಗಿಬಿಡುತ್ತದೆ. ನಿಮ್ಮದೇ ಯಾವುದೋ ಹೊಸ ಡಬ್ಬಿ ಇರಬಹುದು ಅಂದುಕೊಂಡು ಬಿಲ್ಡ್ ಮಾಡುವವನು ಸುಮ್ಮನಿರುತ್ತಾನೆ, ಓಡುವಾಗ ಹುಡುಕಿ ಸಿಗದೆ ಬೀಳುತ್ತದೆ. ಅಗಲ ಎತ್ತರ ಮರೆತರೂ ಅಷ್ಟೇ, ಓಡುವಾಗಲೇ ಬೀಳುವುದು. ಸ್ಟುಡಿಯೋ ಕೆಂಪು, ಹಳದಿ ಗೆರೆ ಎಳೆದಾಗ ಓದಿ ನೋಡಿ, ಅರ್ಧ ತಲೆನೋವು ಅಲ್ಲೇ ಹೋಗುತ್ತದೆ.

ಇದೆಲ್ಲ ಹಳೆಯದಾಯಿತಲ್ವಾ?

ಆಂಡ್ರಾಯ್ಡ್ ಸ್ಕ್ರೀನ್ ಕಟ್ಟುವ ಗೂಗಲ್‌ನ ಹೊಸ ಪದ್ಧತಿ ಜೆಟ್‌ಪ್ಯಾಕ್ ಕಂಪೋಸ್ 1.0 ಬಂದಿದ್ದು 2021ರಲ್ಲಿ. ಅದರಲ್ಲಿ ಟ್ಯಾಗ್ ಇಲ್ಲ, ಕೋಟ್ಲಿನ್‌ನಲ್ಲೇ ಬರೆಯುತ್ತೀರಿ. ಇವತ್ತು ಹೊಸದಾಗಿ ದೊಡ್ಡ ಆ್ಯಪ್ ಶುರು ಮಾಡುವುದಾದರೆ ನಾನೂ ಅದನ್ನೇ ಹಿಡಿಯುತ್ತೇನೆ. ಆದರೆ ಕೆಲಸಕ್ಕೆ ಸೇರಿದ ಕಡೆ ನಿಮ್ಮ ಕೈಗೆ ಬರುವ ಹಳೆಯ ಆ್ಯಪ್‌ಗಳ ತುಂಬಾ ಎಕ್ಸ್‌ಎಂಎಲ್ ಇರುತ್ತದೆ. ಕಂಪೋಸ್‌ನಲ್ಲೂ ರೋ, ಕಾಲಂ, ವೇಟ್, ಡಿಪಿ, ಎಸ್‌ಪಿ ಎಲ್ಲ ಹಾಗೇ ಇವೆ. ಅಲ್ಲಿಯೂ ಎತ್ತರ 24 ಅಂತ ಕಟ್ಟಿಹಾಕಿದರೆ ಮೊತ್ತ "ಮೊತ" ಆಗುತ್ತದೆ.

ಯಾರ ಕೈಗಾದರೂ ಕೊಡುವ ಮೊದಲು

ಫೋನ್ ಭಾಷೆ ಕನ್ನಡ ಮಾಡಿ. ಅಕ್ಷರ ಗಾತ್ರ ಕೊನೆಯವರೆಗೆ ಎಳೆಯಿರಿ. ಡಿಸ್‌ಪ್ಲೇ ಸೈಜ್ ಕೂಡ ದೊಡ್ಡದು ಮಾಡಿ, ಆಗ ಡಿಪಿ ಲೆಕ್ಕದಲ್ಲಿ ಸ್ಕ್ರೀನ್ ಸಣ್ಣದಾಗುತ್ತದೆ. ಫೋನ್ ಅಡ್ಡ ಹಿಡಿಯಿರಿ. ಕಾರ್ಡ್‌ನ ಮಾತು ಎರಡು ಸಾಲಿಗೆ ಬಿದ್ದರೆ ಬೀಳಲಿ, ಕತ್ತರಿಸಬಾರದು ಅಷ್ಟೇ. ಕೆಳಗೆ ಹಿಡಿಯದೆ ಹೋದ ಫಾರ್ಮ್‌ಗೆ ಸ್ಕ್ರೋಲ್‌ವ್ಯೂ ಸುತ್ತಿ.

ಆಮೇಲೆ ಸ್ಕ್ರೀನನ್ನು ಗಟ್ಟಿಯಾಗಿ ಓದಿ ಹೇಳುವ ಟಾಕ್‌ಬ್ಯಾಕ್ ಆನ್ ಮಾಡಿ ಕಣ್ಣು ಮುಚ್ಚಿ ಕೇಳಿ. ಬರೀ ಚಿತ್ರ ಇರುವ ಬಟನ್‌ಗೆ "ಕಂಟೆಂಟ್‌ಡಿಸ್ಕ್ರಿಪ್ಶನ್" ಕೊಟ್ಟಿಲ್ಲ ಅಂದರೆ ಅದು ಏನು ಮಾಡುವ ಬಟನ್ ಅಂತ ಕೇಳುವವರಿಗೆ ತಿಳಿಯುವುದೇ ಇಲ್ಲ. ನಾನು ಪ್ಲಸ್ ಚಿಹ್ನೆ ಇಟ್ಟಿದ್ದ ಬಟನ್‌ಗೆ "ಇವತ್ತಿನ ಹಾಲು ಸೇರಿಸಿ" ಅಂತ ಕೊಟ್ಟೆ. ಕೇಳಿದ ಚಿಕ್ಕಮ್ಮ, ಅದನ್ನೇ ಬಟನ್ ಮೇಲೂ ಬರೆಯಬಾರದಾ, ಪ್ಲಸ್ ಯಾಕೆ ಅಂದರು. ಈಗ ಅಲ್ಲಿ ಪ್ಲಸ್ ಇಲ್ಲ, ಅಗಲ ರ‍್ಯಾಪ್_ಕಂಟೆಂಟ್.